ಒಂದು ಕುದುರೆ ದಂಡ

"ಮೊಣಕಾಲು ಹಿಡ್ಕೊ ಚಂದ್ರಣ್ಣ. ಮೈ ಇನ್ನೂ ಬೆಚ್ಚಗೈತೆ, ಈಗ್ಲೇ ಮಡಚ್ಬೇಕು. ಆಮೇಲೆ ಮುರಿದ್ರೂ ಮಡಚಲ್ಲ," ಎಂದರು ಅಯ್ಯನವರು.

ಚಂದ್ರಣ್ಣ ಮುರುಗೇಂದ್ರಪ್ಪನವರ ಬಲಗಾಲನ್ನು ಎತ್ತಿ ಎಡತೊಡೆಯ ಮೇಲೆ ತಂದಿಟ್ಟ. ಹುಡುಗನಾಗಿದ್ದಾಗಿನಿಂದ ಅವರ ಅಂಗಡಿಯಲ್ಲಿ ಗೋಣಿಚೀಲದ ಬಂಡಲು ಹೊತ್ತವನಿಗೆ ಆ ಕಾಲು ಇಷ್ಟು ಹಗುರವಾಗಿರುತ್ತದೆಂದು ಗೊತ್ತಿರಲಿಲ್ಲ. ಮಗ ಜಯಣ್ಣ ಹಿಂದಿನಿಂದ ಅಪ್ಪನ ಕಂಕುಳಿಗೆ ಕೈ ಕೊಟ್ಟು ಎತ್ತಿದ. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿ, ಎದೆಗೆ ಬಿಳಿ ಪಂಚೆ ಸುತ್ತಿ, ಅದರ ತುದಿಯನ್ನು ಗೋಡೆಯ ಗೂಟಕ್ಕೆ ಬಿಗಿದರು. ತಲೆ ಮುಂದಕ್ಕೆ ಜೋತುಬಿತ್ತು. ಅಯ್ಯನವರು ಹಣೆಗೊಂದು ಪಟ್ಟಿ ಕಟ್ಟಿ ಅದನ್ನೂ ಗೂಟಕ್ಕೆ ಎಳೆದ ಮೇಲೆ ನೆಟ್ಟಗಾಯಿತು.

ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಅರೆಮುಚ್ಚಿದ ಕಣ್ಣು, ಬಿಗಿದ ತುಟಿ, ತೊಡೆಯ ಮೇಲೆ ಕೈ.

"ಆಟಕ್ಕೆ ಕುಂತಂಗೇ ಐತೆ," ಎಂದ ಪಕ್ಕದ ಮನೆಯವನು. ಎಲ್ಲರಿಗೂ ಅದೇ ಅನ್ನಿಸಿತ್ತು.

ಸತ್ತವರ ತಂಗಿ ಮುದ್ದಕ್ಕ ಅಡುಗೆಮನೆಯಿಂದ ಬಂದು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಶೈಲಂಗೆ ತಿಳೀತೇನೋ ಜಯಣ್ಣ?"

"ಅವ್ಳ ಮನೆ ಓನರಿಗೆ ಫೋನ್ ಮಾಡಿದ್ದೆ ಅತ್ತೆ. ಇವತ್ತು ಮೊಳಕಾಲ್ಮೂರಲ್ಲೇ ಚೆಸ್ ಪಂದ್ಯ ಐತಂತೆ, ಬೆಳಗ್ಗೇನೇ ಹೋಗವ್ಳೆ. ಅವ್ರ ಕೈಲಿ ಹೇಳ್ಸೋದು ಬ್ಯಾಡ ಅಂತ ಸುಮ್ನಾದೆ. ಸುದ್ದಿ ಕೇಳಿ ಒಬ್ಳೇ ಬಸ್ಸಲ್ಲಿ ಹೆಂಗ್ ಬರ್ತಾಳೆ? ಓಬಳೇಶನ ಜೀಪು ಹೇಳಿದೀನಿ. ಚಂದ್ರಣ್ಣ ಹೋಗಿ ಕರ್ಕೊಂಡು ಬರ್ಲಿ."

"ಹೊತ್ತು ಮುಳುಗೋದ್ರೊಳಗೆ ಮಣ್ಣು ಕೊಡ್ಬೇಕಪ್ಪ," ಎಂದರು ಅಯ್ಯನವರು ವಿಭೂತಿ ಉಂಡೆ ಒಡೆಯುತ್ತ. "ನಾಳೆಗಿಡೋಣ ಅಂದ್ರೆ ನಾಳೆ ಅಮಾಸೆ. ನಾನು ಒಪ್ಪಲ್ಲ."

"ಅಷ್ಟೊತ್ತಿಗೆ ಬಂದೇ ಬರ್ತಾಳೆ ಅಯ್ಯನೋರೆ. ಏನ್ ಮಹಾ ದೂರದ ದಾರಿ."

ಚಂದ್ರಣ್ಣ ಕೈ ತೊಳೆದು ಹೊರಟಾಗ ಮುದ್ದಕ್ಕ ಬಾಗಿಲ ತನಕ ಬಂದಳು. "ಅವ್ವನ್ನೂ ಕೊನೇಗಾಲಕ್ಕೆ ನೋಡ್ಲಿಲ್ಲ ಅದು. ಅಪ್ಪನ ಮುಖನಾದ್ರೂ ನೋಡ್ಲಿ. ಎತ್ಕೊಂಡಾದ್ರೂ ಬಾ."

"ಹೂನವ್ವ," ಎಂದ ಚಂದ್ರಣ್ಣ. ಅವ್ವನ ಸುದ್ದಿ ಹೊತ್ತು ಹೋಗಿದ್ದವನೂ ಅವನೇ. ಅದು ಮುದ್ದಕ್ಕನಿಗೆ ನೆನಪಿತ್ತೋ ಇಲ್ಲವೋ, ಅವನಿಗಂತೂ ಇತ್ತು.

*

ಜೀಪು ಬೇರೊಂದು ಬಾಡಿಗೆ ಮುಗಿಸಿ ಬರುವುದೇ ತಡವಾಯಿತು. ತಳಕಿನಲ್ಲಿ ಟೈರು ಪಂಕ್ಚರಾಗಿ ಇನ್ನಷ್ಟು. ಮೊಳಕಾಲ್ಮೂರಿನ ಕಲ್ಯಾಣ ಮಂಟಪ ಮುಟ್ಟುವಾಗ ಮಧ್ಯಾಹ್ನದ ಊಟ ಮುಗಿದು ಕೊನೆಯ ಸುತ್ತು ಶುರುವಾಗಿತ್ತು. ಮದುವೆಯೂಟದ ಹಾಲಿನಲ್ಲಿ, ಎಲೆ ಹಾಕುವ ಮೇಜುಗಳ ಮೇಲೆಯೇ ಬೋರ್ಡುಗಳು. ಎರಡು ಮುಖದ ಗಡಿಯಾರಗಳ ಟಿಕ್ ಟಿಕ್ ಬಿಟ್ಟರೆ ಸದ್ದಿಲ್ಲ.

ಪಂದ್ಯ ನಡೆಸುತ್ತಿದ್ದ ಮೂಡಲಗಿರಿಯಪ್ಪ ಮೇಷ್ಟ್ರು ಬಾಗಿಲಲ್ಲೇ ಅವನನ್ನು ತಡೆದರು. ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು, ಮುರುಗೇಂದ್ರಪ್ಪನವರಿಂದ ಆಟ ಕಲಿತವರು.

"ಏನ್ ಚಂದ್ರಣ್ಣ, ಈ ಕಡೆ?"

"ಸಾವ್ಕಾರ್ರು ಹೋಗ್ಬಿಟ್ರು ಮೇಷ್ಟ್ರೆ. ಬೆಳಗ್ಗೆ ಪೂಜೆಗೆ ಕುಂತಿದ್ರಂತೆ, ಅಲ್ಲೇ ವಾಲಿದ್ರು."

ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

"ಶೈಲಮ್ಮನ್ನ ಕರೀರಿ. ಜೀಪು ನಿಂತೈತೆ. ಹೊತ್ತು ಮುಳುಗೋದ್ರೊಳಗೆ ಮಣ್ಣು."

"ಹೆಂಗೋ ಕರೀಲಿ? ಆಟದ ಮಧ್ಯೆ ಯಾರಿಗೂ ಸುದ್ದಿ ಹೇಳಂಗಿಲ್ಲ. ಸಾವ್ಕಾರ್ರೇ ಮಾಡಿದ್ದ ಕಾನೂನು. ಬೆಳಗ್ಗೆ ಇದೇ ಮೈಕಲ್ಲಿ ಆ ಕತೆ ಹೇಳಿನೇ ಪಂದ್ಯ ಶುರು ಮಾಡಿದೀನಿ."

'ಆ ಕತೆ' ಯಾವುದೆಂದು ಕೇಳುವ ಅಗತ್ಯ ಚಂದ್ರಣ್ಣನಿಗಿರಲಿಲ್ಲ. ಚಳ್ಳಕೆರೆಯಿಂದ ಬಳ್ಳಾರಿಯ ತನಕ ಚದುರಂಗ ಆಡುವವರಿಗೆಲ್ಲ ಅದು ಬಾಯಿಪಾಠ: ಹೆತ್ತ ತಾಯಿ ಸಾಯುತ್ತಿದ್ದಾಗಲೂ ಮನಸ್ಸು ಕದಲಿಸದೆ ರಾಜ್ಯ ಪಂದ್ಯದ ಕಪ್ಪು ಗೆದ್ದ ಹುಡುಗಿಯ ಕತೆ. ಅದನ್ನು ಹೇಳುವಾಗಲೆಲ್ಲ ಆ ಹುಡುಗಿ ಮುಂದಿನ ಸಾಲಿನಲ್ಲಿ ಕೂತಿರುತ್ತಿದ್ದಳು. ಹೇಳುವವರು ಅವಳ ಕಡೆ ಕೈ ತೋರಿಸುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು.

"ಸ್ವಲ್ಪ ಹೊತ್ತು ತಡ್ಕೊ," ಎಂದರು ಮೇಷ್ಟ್ರು. "ಗೆಲ್ಲೋ ಆಟ. ಬೇಗ ಮುಗಿಸ್ತಾಳೆ. ಅವ್ರಿದ್ದಿದ್ರೂ ಇದನ್ನೇ ಹೇಳೋರು."

ಮೂರನೆಯ ಮೇಜಿನಲ್ಲಿ ಶೈಲಜಾ ಕೂತಿದ್ದಳು. ಇಪ್ಪತ್ತೇಳರ ಹೆಣ್ಣು, ಕರೆಂಟ್ ಆಫೀಸಿನಲ್ಲಿ ಕೆಲಸ, ಒಂಟಿ ಕೋಣೆಯ ಬಾಡಿಗೆ ಮನೆ. ಎದುರಿಗೆ ಸೀರೆ ಅಂಗಡಿಯ ಮುರುಗೇಶ್. ಅವಳು ನಡೆಯೊಂದನ್ನು ಆಡಿ, ಗಡಿಯಾರದ ಗುಂಡಿ ಒತ್ತಿ, ತಲೆ ಎತ್ತಿದಳು. ಬಾಗಿಲಲ್ಲಿ ಚಂದ್ರಣ್ಣ ನಿಂತಿದ್ದ. ತಲೆಯ ಟವೆಲು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದಿದ್ದ. ಹಾಗೆ ಹಿಡಿದಿದ್ದೇನೆಂದು ಅವನಿಗೇ ತಿಳಿದಿರಲಿಲ್ಲ.

ಅವಳು ಅವನನ್ನು ನೋಡಿದಳು. ಆಮೇಲೆ ಟವೆಲನ್ನು ನೋಡಿದಳು. ಎದುರಾಳಿಯ ಹೊಸ ನಡೆಯನ್ನು ನೋಡುವಷ್ಟೇ ಹೊತ್ತು. ಕಣ್ಣು ಮತ್ತೆ ಬೋರ್ಡಿಗೆ ಇಳಿಯಿತು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

*

ಮುರುಗೇಂದ್ರಪ್ಪ ಹರೆಯದಲ್ಲಿ ಒಂದೇ ಒಂದು ಸಲ ಬೆಂಗಳೂರಿಗೆ ಹೋಗಿ ಆಡಿದ್ದರು. ಗೆಲ್ಲುವ ಆಟ. ಆನೆಯನ್ನು ಎತ್ತುವಾಗ ಕೈ ನಡುಗಿ ತಮ್ಮ ರಾಜನನ್ನೇ ಉರುಳಿಸಿದರು. ಸುತ್ತ ನಿಂತವರು ನಕ್ಕರು. ಆ ನಗೆಯಲ್ಲಿ ಉಳಿದ ಆಟವೂ ಹೋಯಿತು. ಚಳ್ಳಕೆರೆಗೆ ವಾಪಸು ಬಂದು ಮಾರ್ಕೆಟ್ ಯಾರ್ಡಿನ ಎದುರು ಗೋಣಿಚೀಲದ ಅಂಗಡಿ ಇಟ್ಟರು. ಕಡಲೆಕಾಯಿ ಸುಗ್ಗಿಯಲ್ಲಿ ಉಸಿರಾಡಲು ಬಿಡುವಿಲ್ಲ, ಉಳಿದ ತಿಂಗಳುಗಳಲ್ಲಿ ಬಂಡಲುಗಳ ಮೇಲೆ ಬೋರ್ಡು. ಪಂದ್ಯಕ್ಕೆ ಮಾತ್ರ ಮತ್ತೆ ಕಾಲಿಡಲಿಲ್ಲ. ಕೆಟ್ಟ ಮನುಷ್ಯ ಅಲ್ಲ. ಪರವೂರಿಂದ ಆಡಲು ಬಂದವರಿಗೆ ಊಟ ಹಾಕಿ, ಮಲಗಲು ಹೊಸ ಚೀಲ ಹಾಸುತ್ತಿದ್ದರು. ಆದರೆ ಹೆದರಿದ ಮನುಷ್ಯ. ಹೆದರಿದವರ ಕೈಗೆ ಮಕ್ಕಳು ಸಿಕ್ಕರೆ ಕಷ್ಟ.

ಜಯಣ್ಣನಿಗೆ ಆಟ ಹತ್ತಲಿಲ್ಲ. ಶೈಲಜಾ ಮೂರನೇ ಕ್ಲಾಸಿನಲ್ಲಿರುವಾಗಲೇ ಮಂಡಿಯ ದೊಡ್ಡವರನ್ನು ಸೋಲಿಸತೊಡಗಿದಳು. ಸೋತಾಗ ಮಾತ್ರ ಅಳುತ್ತಿದ್ದಳು. ಆ ಅಳು ಕಂಡರೆ ಅಪ್ಪನಿಗೆ ಬೆಂಗಳೂರಿನ ನಗೆ ಕೇಳಿಸುತ್ತಿತ್ತು.

ಅಂಗಡಿಯ ಹಿಂದೆಯೇ ಮನೆ. ಬೋರ್ಡು ಪಡಸಾಲೆಗೆ ಬಂತು. ಹುಡುಗಿ ಯೋಚಿಸುತ್ತಿರುವಾಗ ಅಪ್ಪ ಅಡುಗೆಮನೆಯ ಕಡೆ ಸನ್ನೆ ಮಾಡುತ್ತಿದ್ದರು. ಒಳಗಿಂದ ಹೆಂಡತಿ ಬಸವಲಿಂಗಮ್ಮ ಕರೆಯಬೇಕು.

"ಶೈಲಾ, ಹಾಲು ಉಕ್ತೈತೆ, ಬಾರೇ."

ಹುಡುಗಿ ತಿರುಗಿದರೆ ಅಪ್ಪನ ಕೈ ಚಾಚಿ ಬರುತ್ತಿತ್ತು. "ಒಂದು ಕುದುರೆ ದಂಡ." ಅವಳ ಕಡೆಯ ಕುದುರೆಯೊಂದು ಅವರ ಅಂಗಿ ಜೇಬಿಗೆ ಹೋಗುತ್ತಿತ್ತು. ಉಳಿದ ಆಟವನ್ನು ಅದಿಲ್ಲದೆ ಆಡಬೇಕು.

ಬಸವಲಿಂಗಮ್ಮನಿಗೆ ಮೊದಮೊದಲು ಅದು ತಮಾಷೆ. "ಶೈಲಾ, ನಿಮ್ಮಾವ ಬಂದವ್ನೆ ನೋಡೇ," "ಶೈಲಾ, ಹಿತ್ಲಲ್ಲಿ ಹಾವು ಕಣೇ." ದಿನ ಕಳೆದಂತೆ ಮಗಳು ತಿರುಗುವುದು ಕಡಿಮೆಯಾಯಿತು. ತಾಯಿಗೆ ಯಾಕೋ ತಮಾಷೆ ಇಂಗಿತು.

"ಮಗೂನ ಕರ್ದು ಕರ್ದು ಮೋಸ ಮಾಡೋದು ನನ್ ಕೈಲಾಗಲ್ಲ ಕಣ್ರಿ."

"ಹೊರಗೆ ಇದಕ್ಕಿಂತ ದೊಡ್ಡ ಮೋಸ ಐತೆ. ಕರಿ."

ಕರೆದಳು.

ಒಂದು ದಿನ ಬಚ್ಚಲಲ್ಲಿ ಕಾಲು ಜಾರಿ ಕುದಿನೀರಿನ ಹಂಡೆಯ ಮೇಲೆ ಬಿದ್ದಳು. "ಶೈಲಾ, ಬಾರೇ, ಬೇಗ ಬಾ" ಎಂದು ಕೂಗಿದಳು. ಅಂಗಡಿಯಲ್ಲಿ ಚೀಲ ಜೋಡಿಸುತ್ತಿದ್ದ ಚಂದ್ರಣ್ಣನಿಗೂ ಕೇಳಿಸಿತು. ದಿನಾ ಇರುವ ಆಟವೆಂದು ಅವನೂ ಸುಮ್ಮನಿದ್ದ. ಹುಡುಗಿಯ ತಲೆ ತಿರುಗಲಿಲ್ಲ. ಅವಳು ಒಂಟೆಯನ್ನು ಎರಡು ಮನೆ ಮುಂದಿಟ್ಟಳು. ಕೂಗು ತಾನಾಗಿಯೇ ನಿಂತಿತು. ಆಟ ಮುಗಿದ ಮೇಲೆ ಹೋಗಿ ನೋಡಿದರೆ ಬಸವಲಿಂಗಮ್ಮ ಒದ್ದೆ ನೆಲದಲ್ಲಿ ಬೊಬ್ಬೆ ಎದ್ದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಬಯ್ಯಲಿಲ್ಲ. ಮಗಳ ಮುಖವನ್ನು ನೋಡಿದಳು, ಅಷ್ಟೇ.

ಮುರುಗೇಂದ್ರಪ್ಪ ಹೆಂಡತಿಯನ್ನು ಡಾಕ್ಟರ ಹತ್ತಿರ ಕರೆದೊಯ್ದರು. ಬರುವಾಗ ಪೇಡೆ ತಂದರು. "ನನ್ ಮಗಳು ತಿರುಗ್ಲಿಲ್ಲ ನೋಡ್ರಿ" ಎಂದು ಮಂಡಿಗೆಲ್ಲ ಹಂಚಿದರು.

*

ಸಾವಿನ ಮನೆಯಲ್ಲಿ ಕಾಯುವವರು ತುಂಬಾ ಹೊತ್ತು ದುಃಖಪಡಲಾರರು, ಮಾತಿಗೆ ಇಳಿಯುತ್ತಾರೆ. ಪಡಸಾಲೆಯಲ್ಲಿ ಭಜನೆಯವರು ಚಹಾಕ್ಕೆ ಎದ್ದಿದ್ದರು. ವರವು ಕಾವಲ್ ಕಡೆಯ ಕುರಿಗಾರ ಚಿಕ್ಕೀರಪ್ಪ, ಸಂತೆಗೆ ಬಂದಾಗಲೆಲ್ಲ ಮುರುಗೇಂದ್ರಪ್ಪನವರ ಜೊತೆ ಒಂದು ಆಟ ಆಡಿ ಹೋಗುತ್ತಿದ್ದವನು, ಹೆಣದ ಎದುರಿಗೇ ಕುಕ್ಕರುಗಾಲಲ್ಲಿ ಕೂತಿದ್ದ.

"ನಾನು ಕುರಿ ಮುಖ ನೋಡಿದ್ರೆ ಹೊಟ್ಟೆನೋವು ಐತೋ ಇಲ್ವೋ ಹೇಳ್ತೀನಿ," ಎಂದ. "ಈ ಸಾವ್ಕಾರ್ರ ಮುಖದಾಗೆ ಮಾತ್ರ ಒಂದಿನಾನೂ ಏನೂ ಸಿಗ್ಲಿಲ್ಲ. ಗೆಲ್ತಾವ್ರೋ ಸೋಲ್ತಾವ್ರೋ."

"ಈಗೇನಾದ್ರೂ ಸಿಗ್ತೈತಾ ನೋಡ್ಲೇ," ಎಂದ ಪಕ್ಕದವನು.

ಚಿಕ್ಕೀರಪ್ಪ ನಿಜಕ್ಕೂ ಮುಂದೆ ಬಾಗಿ ನೋಡಿದ. "ಇಲ್ಲ ಬಿಡು. ಈಗ್ಲೂ ಬಿಟ್ಕೊಟ್ಟಿಲ್ಲ."

ಇಬ್ಬರು ಮೂವರು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡರು. ಮುದ್ದಕ್ಕ ಒಳಗಿಂದ ಕಣ್ಣು ಬಿಟ್ಟಳು.

"ಮಗಳನ್ನೂ ಹಂಗೇ ತಯಾರು ಮಾಡಿದ್ರು," ಎಂದ ಎಣ್ಣೆ ಮಿಲ್ಲಿನ ಮ್ಯಾನೇಜರ್. "ಅಲ್ಲಿ ತಾಯಿ ಜೀವ ಹೋಗ್ತೈತೆ, ಇಲ್ಲಿ ಹುಡುಗಿ ಕಪ್ಪು ಗೆಲ್ತಾಳೆ. ಯಾರ ಕೈಲಾಗ್ತೈತೆ ಹೇಳ್ರಿ?"

"ಅದಕ್ಕೆ ಗೊತ್ತಿತ್ತೇನ್ರಿ?" ಮುದ್ದಕ್ಕ ಹೊರಗೆ ಬಂದೇಬಿಟ್ಟಳು. "ಗೊತ್ತಿದ್ದು ಗೆದ್ದಿದ್ರೆ ನಿಮ್ಮ ಮಾತು ಒಪ್ತೀನಿ. ನಮ್ಮಣ್ಣ ಮುಚ್ಚಿಟ್ಟ, ಅದು ಗೆಲ್ತು. ಆ ಕತೇನ ಊರೂರು ಮೇಲೆ ಹೊತ್ಕೊಂಡು ತಿರುಗಿದ್ರಿ ಎಲ್ಲಾ ಸೇರಿ."

ಮ್ಯಾನೇಜರ್ ಚಹಾದ ಲೋಟದೊಳಗೆ ನೋಡಿದ. ಜಯಣ್ಣ ಬೀದಿಗೆ ಹೋಗಿ ಬಳ್ಳಾರಿ ರಸ್ತೆಯ ಕಡೆ ಇಣುಕಿ ಬಂದ. ಬಾಗಿಲಲ್ಲಿ ಹೆಣ ಹೊರುವ ವಿಮಾನಕ್ಕೆ ಬಿದಿರು ಕಟ್ಟುವುದು ಮುಗಿದು, ಚೆಂಡುಹೂವಿನ ಸರ ಏರುತ್ತಿತ್ತು.

*

ಅದು ಹನ್ನೊಂದು ವರ್ಷದ ಹಿಂದೆ, ದಾವಣಗೆರೆಯಲ್ಲಿ. ಹುಡುಗಿಯರ ರಾಜ್ಯ ಪಂದ್ಯದ ಕಡೆಯ ಆಟ. ಚಂದ್ರಣ್ಣ ಬಸ್ಸು ಇಳಿದು ಓಡುತ್ತ ಬಂದಿದ್ದ. ಬಸವಲಿಂಗಮ್ಮನಿಗೆ ನಸುಕಿನಲ್ಲಿ ಒಂದು ಪಕ್ಕ ಬಿದ್ದುಹೋಗಿತ್ತು. ಮಾತು ಅರ್ಧ ನಿಂತಿತ್ತು. ಉಳಿದ ಅರ್ಧದಲ್ಲಿ ಮಗಳ ಹೆಸರೊಂದೇ ಇತ್ತು.

"ಅಮ್ಮೋರು ಕರೀತಾವ್ರೆ ಸಾವ್ಕಾರ್ರೆ. ಶೈಲಾ, ಶೈಲಾ ಅಂತ ಅದೊಂದೇ. ಇವತ್ತು ದಾಟೋದು ಕಷ್ಟ ಅಂದ್ರು ಡಾಕ್ಟ್ರು."

ಮುರುಗೇಂದ್ರಪ್ಪನವರ ಮುಖ ಒಂದು ಗಳಿಗೆ ಬಿಳಿಚಿತು. ಕಿಟಕಿಯಿಂದ ಬೋರ್ಡನ್ನು ನೋಡಿದರು. ಮತ್ತೆ ಚಂದ್ರಣ್ಣನನ್ನು ನೋಡಿದರು. ಅವನ ರಟ್ಟೆ ಹಿಡಿದರು.

"ಗೆಲ್ಲೋ ಆಟ ಕಣೋ. ಈಗ ಹೇಳಿದ್ರೆ ಕೈ ನಡುಗ್ತೈತೆ. ಮುಗೀಲಿ. ಮುಗಿದ ತಕ್ಷಣ ಹೊರಡಾಣ."

ಬಾಗಿಲಲ್ಲಿ ಟವೆಲು ಹಿಡಿದು ನಿಂತ ಚಂದ್ರಣ್ಣನನ್ನು ಶೈಲಜಾ ನೋಡಿದ್ದಳು. ಬಾಗಿಲ ಕಡೆ ಎರಡನೇ ಸಲ ನೋಡಬಾರದೆಂದು ಕಲಿತಿದ್ದಳು, ನೋಡಲಿಲ್ಲ. ಎದುರಿನ ಹುಡುಗಿ ಡ್ರಾ ಮಾಡಿಕೊಳ್ಳೋಣವೇ ಎಂದು ಕೇಳಿದಳು. ಆಗಲೇ ಎದ್ದಿದ್ದರೆ ಚಳ್ಳಕೆರೆಯಲ್ಲಿ ಇನ್ನೂ ಉಸಿರಿತ್ತು. ಶೈಲಜಾ ತಲೆಯಾಡಿಸಿ ಬೇಡವೆಂದಳು. ತನ್ನ ಕೈ ಎಷ್ಟು ತಣ್ಣಗಿದೆ ಎಂದು ಅವಳಿಗೇ ಹೆಮ್ಮೆಯಾಗಿತ್ತು. ಒಂದೊಂದು ನಡೆಗೂ ಹೊತ್ತು ತೆಗೆದುಕೊಂಡು, ಅಪ್ಪನಿಗೆ ಕಾಣುವಂತೆ, ಚೊಕ್ಕವಾಗಿ ಗೆದ್ದಳು. ಆಮೇಲೆ ಕಪ್ಪು ಕೊಡುವುದಿತ್ತು. ಅಪ್ಪ ಅದಕ್ಕೂ ಕಾದರು. ಫೋಟೋ ತೆಗೆಯುವವನು ನಗು ಎಂದ, ನಕ್ಕಳು.

ಆ ಫೋಟೋ ಈಗಲೂ ಪಡಸಾಲೆಯಲ್ಲಿದೆ. ಅವರು ಮನೆಗೆ ಬಂದಾಗ ಬಸವಲಿಂಗಮ್ಮನನ್ನು ಅದೇ ಗೋಡೆಗೆ, ಅದೇ ಗೂಟಕ್ಕೆ ಕಟ್ಟಿ ಕೂರಿಸಿದ್ದರು. ಶೈಲಜಾಳ ಕೈಯಲ್ಲಿ ಕಪ್ಪು ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಬಹಳ ಹೊತ್ತು ಹಿಡಿದುಕೊಂಡೇ ನಿಂತಿದ್ದಳು.

*

ಮೇಷ್ಟ್ರು ಮೇಜುಗಳ ನಡುವೆ ಸುತ್ತುತ್ತ ಮೂರನೆಯದರ ಹತ್ತಿರ ಬಂದರು. ಬೋರ್ಡನ್ನು ನೋಡಿದರು. ಮುಂದೆ ಹೋಗಿದ್ದವರು ಹಿಂದಕ್ಕೆ ಬಂದು ಮತ್ತೆ ನೋಡಿದರು.

ಮುರುಗೇಶನ ರಾಜ ಮೂಲೆಯಲ್ಲಿ ತನ್ನದೇ ಮೂರು ಕಾಲಾಳುಗಳ ಹಿಂದೆ ಸಿಕ್ಕಿಕೊಂಡಿತ್ತು. ಶೈಲಜಾಳ ಆನೆಯ ಮುಂದೆ ದಾರಿ ಪೂರ್ತಿ ತೆರೆದಿತ್ತು. ನೆಟ್ಟಗೆ ಕೊನೆಯ ಮನೆಗೆ ಹೋದರೆ ಮುಗಿಯಿತು. ನಿನ್ನೆ ಕಲಿತ ಮಕ್ಕಳಿಗೂ ಕಾಣುವ ನಡೆ. ಮುರುಗೇಶನಿಗೆ ಕಂಡಿರಲಿಲ್ಲ. ಅವಳು ಕಷ್ಟದಲ್ಲಿದ್ದಾಳೆಂದು ಅವನ ಎಣಿಕೆ, ಸಣ್ಣದಾಗಿ ಶಿಳ್ಳೆಯ ತುಟಿ ಮಾಡಿಕೊಂಡು ಸೂರು ನೋಡುತ್ತಿದ್ದ. ಓಡುತ್ತಿದ್ದದ್ದು ಶೈಲಜಾಳ ಗಡಿಯಾರ. ಬಹಳ ಹೊತ್ತಿನಿಂದ ಓಡುತ್ತಿತ್ತು.

ತೀರ್ಪುಗಾರ ಬಾಯಿ ಬಿಡುವಂತಿಲ್ಲ. ಮೇಷ್ಟ್ರು ಕೆಮ್ಮಿದರು.

"ನೀರು ಕುಡೀರಿ ಮೇಷ್ಟ್ರೆ," ಎಂದಳು ಶೈಲಜಾ, ತಲೆ ಎತ್ತದೆ.

ಅವರು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಜೀಪಿನಲ್ಲಿ ಓಬಳೇಶ ಹಾರ್ನ್ ಹೊಡೆದ.

"ಅದಕ್ಕೆ ಗೊತ್ತಾಗೈತೆ ಕಣೋ ಚಂದ್ರಣ್ಣ. ನಿನ್ನ ನೋಡಿದ ಗಳಿಗೇಲೇ."

"ಹಂಗಾದ್ರೆ ಎದ್ದು ಬರ್ಬೇಕಲ್ರಿ?"

"ಒಂದೇ ಒಂದು ನಡೆ ಐತೆ. ಆಡಿದ್ರೆ ಗೆಲ್ತಾಳೆ, ಎದ್ದು ಬರ್ಬೋದು. ಆಡ್ತಿಲ್ಲ."

ಚಂದ್ರಣ್ಣ ಅಂಗಳದ ನೆರಳನ್ನು ನೋಡಿದ. ಕಂಬದ ನೆರಳು ಗೋಡೆ ಹತ್ತಿತ್ತು. ಚಪ್ಪಲಿ ಬಿಟ್ಟು ಸೀದಾ ಒಳಗೆ ನಡೆದ. ಮೇಷ್ಟ್ರು "ಏಯ್" ಎಂದರು, ಎದ್ದು ತಡೆಯಲಿಲ್ಲ. ಒಂದೊಂದೇ ತಲೆಗಳು ಬೋರ್ಡಿನಿಂದ ಎದ್ದವು. ಅವನು ಹೋಗಿ ಅವಳ ಬಲಭುಜದ ಹಿಂದೆ ನಿಂತ.

"ಶೈಲಮ್ಮ, ಬಾರವ್ವ. ಬೇಗ ಬಾ."

ತಲೆ ತಿರುಗಲಿಲ್ಲ.

"ಅಪ್ಪಾರು ಹೋಗ್ಬಿಟ್ರವ್ವ. ಗೋಡೆಗೆ ಕುಂಡ್ರಿಸಿ ಬಂದೀನಿ. ಎಲ್ಲಾ ನಿನಗೇ ಕಾಯ್ತಾವ್ರೆ. ಹೊತ್ತು ಮುಳುಗಿದ್ರೆ ಮುಖ ಸಿಗಲ್ಲ."

ಮುರುಗೇಶ್ ಗಾಬರಿಯಿಂದ ಎದ್ದು ನಿಂತ. "ಅಯ್ಯೋ ಮೇಡಂ, ಹೋಗ್ರಿ. ಡ್ರಾ ಮಾಡ್ಕೊಳ್ಳಾಣ."

"ಡ್ರಾ ಬೇಡ. ಕೂತ್ಕೊಳ್ಳಿ. ನಾನು ಯೋಚ್ನೆ ಮಾಡ್ತಾ ಇದೀನಿ."

ಮೇಷ್ಟ್ರು ಗಡಿಯಾರ ನಿಲ್ಲಿಸಲು ಕೈ ಚಾಚಿದರು. ಅವಳು ಈಗಲೂ ಬೋರ್ಡನ್ನೇ ನೋಡುತ್ತ ಹೇಳಿದಳು: "ಆಟದ ಮಧ್ಯೆ ಯಾರಿಗೂ ಸುದ್ದಿ ಹೇಳಂಗಿಲ್ಲ ಅಂತ ಬೆಳಗ್ಗೆ ಮೈಕಲ್ಲಿ ಹೇಳಿದ್ರಿ ಮೇಷ್ಟ್ರೆ. ಎಲ್ರೂ ಚಪ್ಪಾಳೆ ತಟ್ಟಿದ್ರು. ಚಂದ್ರಣ್ಣನ್ನ ಹೊರಗೆ ಕಳಿಸ್ರಿ."

ದನಿ ಏರಲಿಲ್ಲ. ತೊಡೆಯ ಮೇಲಿನ ಕೈ ಅಲುಗಲಿಲ್ಲ. ಚಂದ್ರಣ್ಣ ಬೆಳಗ್ಗೆ ಗೋಡೆಗೆ ಕೂರಿಸಿ ಬಂದ ಸಾವ್ಕಾರ್ರ ಕೈಗಳೂ ಹಾಗೆಯೇ ಇದ್ದವು.

*

ಮಣ್ಣು ಕೊಡುವ ಹೊಲ ಬಳ್ಳಾರಿ ರಸ್ತೆಯ ಪಕ್ಕದಲ್ಲೇ. ಮೊಳಕಾಲ್ಮೂರಿನಿಂದ ಬರುವ ಗಾಡಿಗಳೆಲ್ಲ ಅಲ್ಲೇ ಹಾಯಬೇಕು. ವಿಮಾನವನ್ನು ಬದುವಿನ ಮೇಲೆ, ರಸ್ತೆಗೆ ಮುಖ ಮಾಡಿ ಇಳಿಸಿದ್ದರು. ಹೂವಿನ ನಡುವೆ ಕೂತಿದ್ದ ಮುರುಗೇಂದ್ರಪ್ಪನವರೂ ಕಾಯುತ್ತಿರುವಂತೆ ಕಾಣುತ್ತಿತ್ತು. ಖಾಸಗಿ ಬಸ್ಸೊಂದು ನಿಧಾನ ಮಾಡಿತು, ಕಿಟಕಿಯವರು ಕೈ ಮುಗಿದರು, ಹೋಯಿತು. ಕಡಲೆಹೊಟ್ಟು ಹೇರಿದ ಲಾರಿ ಹೋಯಿತು. ದೂರದಲ್ಲಿ ಧೂಳೆದ್ದಾಗಲೆಲ್ಲ ಮುದ್ದಕ್ಕ ಹಣೆಗೆ ಕೈ ಅಡ್ಡ ಹಿಡಿಯುತ್ತಿದ್ದಳು.

"ಜೀಪು ಕೆಟ್ಟೈತೋ ಏನೋ," ಎಂದ ಜಯಣ್ಣ.

"ಹೊತ್ತು ನೋಡಪ್ಪ ಜಯಣ್ಣ," ಎಂದರು ಅಯ್ಯನವರು.

"ಇನ್ನೊಂದು ಗಾಡಿ ನೋಡಾಣ."

ಇನ್ನೊಂದು ಬಂತು. ಅದು ತಳಕಿನ ಟ್ರ್ಯಾಕ್ಟರು.

ಗುಣಿಗೆ ಇಳಿಸಿದರು. ಗುಣಿಯ ಒಳಬದಿಯಲ್ಲಿ ಕೊರೆದ ಗೂಡಿನೊಳಗೆ ಕೂರಿಸಿ, ಸುತ್ತ ವಿಭೂತಿ, ಉಪ್ಪು, ಬಿಲ್ವಪತ್ರೆ ತುಂಬಿದರು. ಅಯ್ಯನವರು ಮುಖವೊಂದನ್ನು ಕಡೆಯ ತನಕ ಬಿಟ್ಟರು. ಸೂರ್ಯ ಜಾಲಿಗಿಡಗಳ ಹಿಂದೆ ಇಳಿದಾಗ ಜಯಣ್ಣನ ಕಡೆ ನೋಡಿದರು. ಜಯಣ್ಣ ರಸ್ತೆಯ ಕಡೆ ನೋಡಿ, ಬಾಗಿ, ಮೊದಲ ಹಿಡಿ ಮಣ್ಣು ಹಾಕಿದ.

*

ಅದಕ್ಕೂ ಒಂದು ಗಂಟೆ ಮೊದಲೇ ಮೊಳಕಾಲ್ಮೂರಿನ ಹಾಲಿನಲ್ಲಿ ಉಳಿದ ಮೇಜುಗಳ ಆಟ ಮುಗಿದಿತ್ತು. ಯಾರೂ ಮನೆಗೆ ಹೋಗಿರಲಿಲ್ಲ, ಯಾರೂ ಹತ್ತಿರವೂ ಬಂದಿರಲಿಲ್ಲ. ಶೈಲಜಾಳ ಗಡಿಯಾರದ ಮುಳ್ಳು ಪುಟ್ಟ ಕೆಂಪು ಬಾವುಟವನ್ನು ನಿಧಾನಕ್ಕೆ ಮೇಲೆತ್ತಿತು. ಅದು ಅಡ್ಡವಾಗಿ ನಿಂತು, ಆಮೇಲೆ ಟಪ್ಪೆಂದು ಬಿತ್ತು. ಅವಳ ಹೊತ್ತು ಮುಗಿದಿತ್ತು.

ಶೈಲಜಾ ಮುರುಗೇಶನ ಕೈ ಕುಲುಕಿದಳು. ಕಾಯಿಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬಿದಳು. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದು ಜೀಪು ಹತ್ತಿದಳು. ಮೇಷ್ಟ್ರೂ ಹತ್ತಿದರು. ಜೀಪು ಹಾನಗಲ್ ದಾಟಿತು.

"ಆನೆ ಮುಂದಕ್ಕೆ ಹೋಗಿದ್ರೆ ಆಗೋಗ್ತಿತ್ತು ತಾಯಿ," ಎಂದರು ಮೇಷ್ಟ್ರು ಕೊನೆಗೆ.

"ಗೊತ್ತು ಮೇಷ್ಟ್ರೆ."

*

ಅವರು ಇಳಿದಾಗ ಮಣ್ಣಿನ ಗುಡ್ಡೆಯ ಮೇಲೆ ನೀರು ಚಿಮುಕಿಸುತ್ತಿದ್ದರು. ಪಡುವಣ ಇನ್ನೂ ಕೆಂಪಗಿತ್ತು. ಮುದ್ದಕ್ಕ ಎದುರಿಗೆ ಬಂದಳು.

"ಎಲ್ಲಿ ಸತ್ತಿದ್ಯೇ ಇಷ್ಟೊತ್ತು? ಅಲ್ಲಿ ರಸ್ತೇಲಿ ಕುಂಡ್ರಿಸ್ಕೊಂಡು ಕಾದ್ವಲ್ಲೇ ನಿನ್ನ."

"ಆಟ ಮುಗಿದಿರ್ಲಿಲ್ಲ ಅತ್ತೆ."

ಗುಡ್ಡೆಯೊಳಗೆ ಕೂತವರದೇ ಮಾತು ಅದು. ಯಾರೂ ತಪ್ಪು ಹಿಡಿಯುವಂತಿರಲಿಲ್ಲ.

"ಗೆದ್ದೇನವ್ವ?" ಎಂದು ಕೇಳಿದ ಚಿಕ್ಕೀರಪ್ಪ. ಎಲ್ಲರಿಗೂ ಅದು ಬೇಕಿತ್ತು.

"ಇಲ್ಲ. ಸೋತೆ."

"ಸೋತ್ಯಾ? ಯಾರ ಕೈಲಿ?"

"ಯಾರ ಕೈಲೂ ಅಲ್ಲ. ನನ್ನ ಟೈಮು ಮುಗೀತು."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಎಣ್ಣೆ ಮಿಲ್ಲಿನ ಮ್ಯಾನೇಜರ್ ತಲೆಯಾಡಿಸಿದ. "ನೋಡ್ರಿ. ಅವ್ವನಿಗೆ ನಡುಗದ ಕೈ ಅಪ್ಪನಿಗೆ ನಡುಗ್ತು. ಸುದ್ದಿ ತಿಳಿದು ಪಾಪ ಕೈಯೇ ಎತ್ತಕ್ಕಾಗಿಲ್ಲ ಹುಡುಗಿಗೆ." ಹೌದು ಹೌದು ಎಂಬ ಸದ್ದು ಗುಂಪಿನಲ್ಲಿ ಹರಿಯಿತು. ಜಯಣ್ಣ ಮುಖ ಮುಚ್ಚಿಕೊಂಡ. ಮುದ್ದಕ್ಕನ ಸಿಟ್ಟು ಅಲ್ಲೇ ಕರಗಿ, ಅವಳನ್ನು ಬಾಚಿ ತಬ್ಬಿಕೊಂಡು ಗೊಳೋ ಎಂದು ಅತ್ತಳು. "ಎಷ್ಟು ಪ್ರೀತಿ ಇಟ್ಕೊಂಡಿದ್ಯೇ ನಮ್ಮಣ್ಣನ ಮೇಲೆ. ತೋರಿಸ್ಲೇ ಇಲ್ವಲ್ಲೇ ಒಂದಿನಾನೂ."

ಅತ್ತೆಯ ಹೆಗಲ ಮೇಲಿಂದ ಶೈಲಜಾ ಗುಡ್ಡೆಯನ್ನು ನೋಡುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. ಅವಳನ್ನು ಕೇಳುವವರು ಯಾರೂ ಇರಲಿಲ್ಲ, ಎಲ್ಲರೂ ಅಳುತ್ತಿದ್ದರು.

ಮೇಷ್ಟ್ರು ಮುಂದೆ ಬಂದು "ಅದು ಹಂಗಲ್ಲ, ಬೋರ್ಡ್ ಮೇಲೆ..." ಎಂದು ಶುರುಮಾಡಿದರು. ಚಂದ್ರಣ್ಣ ಅವರ ರಟ್ಟೆ ಹಿಡಿದ. ಮೇಷ್ಟ್ರು ನಿಲ್ಲಿಸಿದರು.

ಮನೆಯಲ್ಲಿ ಪಡಸಾಲೆ ತೊಳೆದಾಗಿತ್ತು. ಗೂಟದಿಂದ ಬಿಳಿ ಪಂಚೆಯ ಹರಿದ ತುದಿ ಇನ್ನೂ ಜೋತಾಡುತ್ತಿತ್ತು. ಗೋಡೆಯಲ್ಲಿ ತಲೆ ಒರಗಿದ್ದ ಕಡೆ ಎಣ್ಣೆಯ ಗುಂಡು ಗುರುತು, ಅದರ ಸುತ್ತ ವಿಭೂತಿ. ಹೆಂಗಸರು ಸ್ನಾನಕ್ಕೆ ಒಬ್ಬೊಬ್ಬರಾಗಿ ಹೋಗುತ್ತಿದ್ದರು. ಶೈಲಜಾ ಗೋಡೆಯ ಎದುರಿಗೆ, ಒಂದು ಬೋರ್ಡಿನಷ್ಟು ಜಾಗ ಬಿಟ್ಟು, ಚಕ್ಕಳಮಕ್ಕಳ ಹಾಕಿ ಕೂತಳು.

ಬಚ್ಚಲ ಕಡೆಯಿಂದ ಮುದ್ದಕ್ಕ ಕರೆದಳು. "ಶೈಲಾ, ನೀರು ಕಾದೈತೆ. ಬಾರೇ, ಬೇಗ ಬಾ."

ಅವಳು ತಿರುಗಿದಳು. ಕುತ್ತಿಗೆ ಉಳುಕುವಷ್ಟು ರಭಸದಲ್ಲಿ, ಇಡೀ ಮೈಯನ್ನೇ ಹೊರಳಿಸಿ. ಅಡುಗೆಮನೆಯ ಬಾಗಿಲು ತೆರೆದಿತ್ತು. ಅಲ್ಲಿ ಹೊಗೆ ಇತ್ತು, ಯಾರೂ ಇರಲಿಲ್ಲ.

ಆಮೇಲೆ ಮೆಲ್ಲಗೆ ಗೋಡೆಯ ಕಡೆ ಮುಖ ಮಾಡಿ, ಆ ಕಡೆಯಿಂದ ಒಂದು ಕೈ ಚಾಚಿ ಬಂದು ಏನನ್ನೋ ತೆಗೆದುಕೊಂಡು ಹೋಗಲಿದೆ ಎಂಬಂತೆ, ತನ್ನ ಮುಂದಿನ ಖಾಲಿ ನೆಲವನ್ನು ನೋಡುತ್ತ ಕಾದಳು.